ಚೀಟಿಗೆ ರಜೆ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದು ಟೀ ಲೋಟ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಕು. ಮಡಚುವ ಕುರ್ಚಿ ತಯಾರಿಸುವ ಆ ಕಾರ್ಖಾನೆ ಹುಟ್ಟಿದಾಗಿನಿಂದ ನಡೆದದ್ದೇ ಚೀಟಿಯ ಮೇಲೆ. ಮಾರಾಟದವರು ಚೀಟಿ ಬರೆದರೆ ಉಗ್ರಾಣದವರು ಕುರ್ಚಿ ಇಳಿಸುತ್ತಿದ್ದರು. ಉಗ್ರಾಣದವರು ಚೀಟಿ ಬರೆದರೆ ಲೆಕ್ಕದವರು ಬಿಲ್ಲು ಮಾಡುತ್ತಿದ್ದರು. ಲೆಕ್ಕದವರು ಚೀಟಿ ಬರೆದರೆ ಗೇಟು ತೆರೆಯುತ್ತಿತ್ತು. ಚೀಟಿ ಇಲ್ಲದೆ ಅಲ್ಲಿಂದ ಒಂದು ಸೊಳ್ಳೆಯೂ ಹೊರಗೆ ಹಾರುತ್ತಿರಲಿಲ್ಲ. ಅಂಥ ಚೀಟಿಯೊಂದು ಒಂದು ದಿನ ಯಾರದೋ ಟೀ ಲೋಟದ ತಳಕ್ಕೆ ಅಂಟಿಕೊಂಡು ಕ್ಯಾಂಟೀನಿನ ತೊಟ್ಟಿ ಸೇರಿತು. ಅದರಲ್ಲಿದ್ದದ್ದು ಹೊಸ ಸಭಾಂಗಣವೊಂದಕ್ಕೆ ಹೋಗಬೇಕಾದ ಕುರ್ಚಿಗಳ ಆರ್ಡರು. ಕುರ್ಚಿ ಹೋಗಲಿಲ್ಲ. ಆ ಸಭಾಂಗಣದ ಉದ್ಘಾಟನೆಗೆ ಮುಖ್ಯ ಅತಿಥಿಯಾಗಿ ಹೋಗಿದ್ದವರು ಕಾರ್ಖಾನೆಯ ಯಜಮಾನರೇ. ಪಾಪ, ಊರಿಗೆಲ್ಲ ಕುರ್ಚಿ ಮಾರುವ ಮನುಷ್ಯ ಅವತ್ತು ಭಾಷಣಗಳೆಲ್ಲ ಮುಗಿಯುವ ತನಕ ನಿಂತೇ ಇದ್ದರು.

ಮನೆಗೆ ಬಂದು ಕಾಲು ನೀವಿಕೊಳ್ಳುತ್ತಲೇ ಅವರು ಒಂದು ತೀರ್ಮಾನಕ್ಕೆ ಬಂದರು. ಇಡೀ ಕಾರ್ಖಾನೆಯನ್ನು ಒಂದೇ ಕಡೆ ಕೂತು ನೋಡುವಂಥ ದೊಡ್ಡ ಸಾಫ್ಟ್‌ವೇರು ತರಿಸಬೇಕು. ಇ.ಆರ್.ಪಿ. ಎಂದು ಅದಕ್ಕೊಂದು ಹೆಸರಿತ್ತು. ಆರ್ಡರು ಬಂದಲ್ಲಿಂದ ಲಾರಿ ಹೊರಡುವ ತನಕ, ನೌಕರ ಗೇಟು ದಾಟಿ ಒಳಗೆ ಬಂದಲ್ಲಿಂದ ಮನೆಗೆ ಹೋಗುವ ತನಕ ಎಲ್ಲ ಅದರಲ್ಲೇ ನಡೆಯಬೇಕು. ಕಾರ್ಖಾನೆಯವರ ಬಾಯಲ್ಲಿ ಅದು ಬರೀ ‘ಸಿಸ್ಟಂ’ ಆಯಿತು.

ಸರಿ, ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು? “ಇದನ್ನ ಯಾರು ವಹಿಸ್ಕೊಳ್ತೀರಿ? ಎದ್ದು ನಿಲ್ಲಿ,” ಎಂದು ಯಜಮಾನರು ಸಭೆಯಲ್ಲಿ ಕೇಳಿದಾಗ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡುತ್ತ ಕೂತರು. ಖರೀದಿ ವಿಭಾಗದ ಒಬ್ಬರು ಮಾತ್ರ ಮೇಜಿನ ಕೆಳಗೆ ಬಿದ್ದ ಪೆನ್ನು ಹುಡುಕುತ್ತಿದ್ದರು. ಪೆನ್ನು ಸಿಕ್ಕಿತು, ಅವರು ಎದ್ದು ನಿಂತರು. ಚಪ್ಪಾಳೆ ಬಿತ್ತು. ಅಂದಿನಿಂದ ಅವರು ಎಲ್ಲರ ಬಾಯಲ್ಲಿ ಸಿಸ್ಟಂ ಸಾರ್.

ಅವರಿಗೆ ಹುದ್ದೆ ಬೇಕಿರಲಿಲ್ಲ, ಹೆಸರು ಬೇಕಿರಲಿಲ್ಲ. ಈಗ ಅವರಿಗೆ ಬೇಕಾಗಿದ್ದದ್ದು ಒಂದೇ, ಮೊಮ್ಮಗಳನ್ನು ಒಂದು ಸಲ ಎತ್ತಿಕೊಳ್ಳಬೇಕು. ಮಗಳು ದೂರದ ಊರಿನಲ್ಲಿ ಹೆತ್ತಾಗ ಇಲ್ಲಿ ಸಿಸ್ಟಂ ತರಬೇತಿ. ಮಗು ಮಗುಚಿಕೊಂಡಾಗ ಹಳೆಯ ಲೆಕ್ಕಗಳನ್ನು ಸಿಸ್ಟಂಗೆ ತುಂಬುವ ಗಡಿಬಿಡಿ. ಮೊದಲ ಹಲ್ಲು ಬಂದಾಗ ಸಿಸ್ಟಂಗೆ ವೈರಸ್ ಬಂದಿತ್ತು. ಹೆಂಡತಿ ಎರಡು ಸಲ ಹೋಗಿ ಬಂದರು. ಇವರು ಮಾತ್ರ ರಜೆ ಕೇಳುತ್ತಲೇ ಉಳಿದರು. ಕೊನೆಗೆ ಯಜಮಾನರು ಒಂದು ಮಾತು ಕೊಟ್ಟಿದ್ದರು. “ಒಂದೇ ಒಂದು ಆರ್ಡರು, ಮೊದಲಿಂದ ಕೊನೇ ತನಕ, ಒಂದು ಚೀಟಿಯೂ ಮುಟ್ಟದೆ ಸಿಸ್ಟಂನಲ್ಲೇ ಹೋಗಿ ಲಾರಿ ಗೇಟು ದಾಟ್ಲಿ. ಅವತ್ತೇ ಹೊರಡಿ. ಹದಿನೈದು ದಿನ ಈ ಕಡೆ ತಲೆ ಹಾಕ್ಬೇಡಿ.”

ಆ ದಿನ ಇವತ್ತು. ರೈಲು ಸಂಜೆಗೆ.

“ನೋಡ್ರಿ,” ಎಂದರು ಹೆಂಡತಿ, ಪೆಟ್ಟಿಗೆಯ ಮೇಲೆ ಕೂತು ಅದರ ಬಾಯಿ ಮುಚ್ಚಿಸುತ್ತ, “ನಾನು ಬಾಡಿಗೆ ಕಾರು ಮಾಡ್ಕೊಂಡು ನಿಮ್ಮ ಗೇಟಿಗೇ ಬರ್ತೀನಿ. ನೀವು ಹತ್ತಿದ್ರೆ ಹತ್ತಿದ್ರಿ, ಇಲ್ಲಾಂದ್ರೆ ನಾನು ಹೊರಟೆ. ಮಗು ಆಗಲೇ ಗೋಡೆ ಹಿಡ್ಕೊಂಡು ನಿಲ್ತಿದೆ. ಹೀಗೇ ಆದ್ರೆ ನೀವು ಹೋಗೋಷ್ಟರಲ್ಲಿ ಅದೇ ಬಂದು ಸ್ಟೇಷನ್ನಿಂದ ನಿಮ್ಮನ್ನ ಕರ್ಕೊಂಡು ಹೋಗುತ್ತೆ.”

“ಇವತ್ತು ಏನೇ ಆಗ್ಲಿ, ಬಂದೇ ಬರ್ತೀನಿ ಕಣೇ.”

“ಹೋದ್ಸಲವೂ ‘ಏನೇ ಆಗ್ಲಿ’ ಅಂದಿದ್ರಿ. ಏನೋ ಆಯ್ತು.”

ಸಿಸ್ಟಂ ಸಾರ್ ಟೊಂಕ ಕಟ್ಟಿ ಹೊರಟರು. ಎಲ್ಲರಿಗಿಂತ ಮೊದಲು ಕಾರ್ಖಾನೆ ಸೇರಿ, ಗೇಟಿನಲ್ಲಿ ಹೊಸ ಯಂತ್ರವನ್ನು ಚಾಲೂ ಮಾಡಿ, ಪ್ರತಿ ಕೋಣೆಗೂ ನುಗ್ಗಿ ಚೀಟಿ ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ನೌಕರರು ಬರುವಷ್ಟರಲ್ಲಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಪ್ರಕಟಣೆ ಇತ್ತು: ‘ಇಂದಿನಿಂದ ಚೀಟಿ ಇಲ್ಲ. ಯಾರದೂ ಇಲ್ಲ.’

ಆರಿಸಿಕೊಂಡ ಆರ್ಡರು ಒಂದು ಆಸ್ಪತ್ರೆಯದು. ಅಲ್ಲಿ ರೋಗಿಗಳು ಕಾಯುವ ಕೋಣೆಗೆ ಇನ್ನೂರು ಕುರ್ಚಿ. ಮಾರಾಟ ವಿಭಾಗದ ಹುಡುಗಾಟದ ಮನುಷ್ಯನೊಬ್ಬ ಅದನ್ನು ತಂದಿದ್ದ. ಅವನಿಗೆ ‘ಅರ್ಜೆಂಟ್’ ಎಂದೇ ಅಡ್ಡಹೆಸರು. ಊಟಕ್ಕೆ ಹೋಗುವಾಗಲೂ ಓಡುತ್ತಿದ್ದ, ವಾಪಸು ಬರುವಾಗ ಮಾತ್ರ ನಿಧಾನ. ಸಿಸ್ಟಂ ಸಾರ್ ಕಂಪ್ಯೂಟರ್ ತೆರೆದು ನೋಡಿದರೆ ಆಸ್ಪತ್ರೆಯ ಆರ್ಡರು ಎಲ್ಲೋ ಪಾತಾಳದಲ್ಲಿತ್ತು.

“ಏನಯ್ಯಾ ಇದು? ಎಲ್ಲಾ ಆರ್ಡರಿಗೂ ‘ಅತಿ ತುರ್ತು’ ಅಂತ ಹಾಕಿದೀಯ?”

“ಎಲ್ಲಾನೂ ಅತಿ ತುರ್ತೇ ಸಾರ್.”

“ಮುಂದಿನ ವರ್ಷ ಬೇಕು ಅಂತ ಹೇಳಿರೋದೂ?”

“ಅವರಿಗೆ ಮುಂದಿನ ವರ್ಷ ಅರ್ಜೆಂಟಾಗಿ ಬೇಕು ಸಾರ್.”

ಸಿಸ್ಟಂನಲ್ಲಿ ಆದ್ಯತೆ ಮೂರು ಬಗೆ ಇತ್ತು: ಸಾಧಾರಣ, ತುರ್ತು, ಅತಿ ತುರ್ತು. ತನ್ನ ಗಿರಾಕಿಯನ್ನು ಸಾಧಾರಣ ಎನ್ನಲು ಅರ್ಜೆಂಟ್‌ಗೆ ಬಾಯಿ ಬರಲಿಲ್ಲ. ಎಲ್ಲರೂ ಮೊದಲನೆಯವರಾದರೆ ಸಾಲಿನಲ್ಲಿ ನಿಲ್ಲುವವರು ಯಾರು? ಸಿಸ್ಟಂ ಕಣ್ಣು ಕಣ್ಣು ಬಿಡುತ್ತ ನಿಂತುಬಿಟ್ಟಿತ್ತು. ಇದರ ಮೇಲೆ ಯಂತ್ರಗಳ ಮೇಸ್ತ್ರಿ ಬಂದು, “ಮೊದಲು ನನ್ನ ಮೆಷಿನ್ ನಿಲ್ದಂಗೆ ನೋಡ್ಕೊಳ್ಳಿ, ಆರ್ಡರು ಆಮೇಲೆ,” ಎಂದ. ಲೆಕ್ಕದ ಮೇಡಂ ಬಾಗಿಲಲ್ಲೇ ನಿಂತು, “ಮೊದಲು ಹಳೇ ತಿಂಗಳ ಲೆಕ್ಕ ಮುಚ್ಚಬೇಕು, ಮೆಷಿನ್ ಆಮೇಲೆ,” ಎಂದರು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು, ಮಧ್ಯದಲ್ಲಿ ಸಿಸ್ಟಂ ಸಾರ್ ಕೊರಳು.

ಬೇರೆಯವರಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಸಿಸ್ಟಂ ಸಾರ್ ಕೂರಲಿಲ್ಲ. “ಮೇಡಂ, ನಿಮ್ಮ ಹಳೇ ತಿಂಗಳು ನೀವು ಮುಚ್ಕೊಳ್ಳಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ,” ಎಂದರು. ಮೇಸ್ತ್ರಿಗೆ, “ನಿನ್ನ ಮೆಷಿನ್ ನಿಲ್ಲಲ್ಲ, ನನ್ನ ಮಾತು ನಂಬು,” ಎಂದರು. ಆಮೇಲೆ ಆಸ್ಪತ್ರೆಯ ಆರ್ಡರನ್ನು ಅತಿ ತುರ್ತಿನಿಂದ ಇಳಿಸಿ ಸಾಧಾರಣ ಮಾಡಿ, ಸಾಲನ್ನು ತಳದಿಂದ ಶುರು ಮಾಡು ಎಂದು ಸಿಸ್ಟಂಗೆ ಅಪ್ಪಣೆ ಕೊಟ್ಟರು. ಇಡೀ ಕಾರ್ಖಾನೆಯಲ್ಲಿ ಸಾಧಾರಣ ಎನ್ನುವುದು ಅದೊಂದೇ ಇದ್ದದ್ದರಿಂದ ಅದೇ ಎಲ್ಲರಿಗಿಂತ ಮುಂದೆ ಬಂದು ನಿಂತಿತು. ಅರ್ಜೆಂಟ್‌ನ ಮುಖ ಸಣ್ಣಗಾಯಿತು.

“ಹಾಗಾದ್ರೆ ನಾಳೆಯಿಂದ ಎಲ್ಲಾನೂ ಸಾಧಾರಣ ಅಂತ ಹಾಕ್ಲಾ ಸಾರ್?”

“ನಾಳೆ ನಾನಿರಲ್ಲ, ಏನಾದ್ರೂ ಮಾಡ್ಕೋ,” ಎಂದು ಸಿಸ್ಟಂ ಸಾರ್ ಉಗ್ರಾಣಕ್ಕೆ ಓಡಿದರು.

ಉಗ್ರಾಣದ ಹಿರಿಯರನ್ನು ಎಲ್ಲರೂ ಬೀಗದಣ್ಣ ಎನ್ನುತ್ತಿದ್ದರು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಮುಖದಲ್ಲಿ ಯಾರನ್ನೂ ನಂಬದ ನಗು. ಸಿಸ್ಟಂ ಪ್ರಕಾರ ಉಗ್ರಾಣದಲ್ಲಿ ಕುರ್ಚಿಗಳ ಸಂಖ್ಯೆ ಸೊನ್ನೆ. ಕಣ್ಣಿನ ಪ್ರಕಾರ ಸೂರು ಮುಟ್ಟುವಷ್ಟು. ಬೀಗದಣ್ಣ ಆ ಇಲ್ಲದ ಕುರ್ಚಿಗಳಲ್ಲೊಂದರ ಮೇಲೆ ಆರಾಮಾಗಿ ಕೂತು ಟೀ ಕುಡಿಯುತ್ತಿದ್ದರು.

“ಅಣ್ಣ, ಸಿಸ್ಟಂನಲ್ಲಿ ಒಂದು ಕುರ್ಚಿಯೂ ಇಲ್ವಲ್ಲ?”

“ಇಲ್ಲ ಸಾರ್, ನಾನೇ ಹಾಕಿಲ್ಲ.”

“ಮತ್ತೆ ಇವೆಲ್ಲ ಏನು?”

“ಇದು ಕಷ್ಟಕಾಲಕ್ಕೆ ಅಂತ ಇಟ್ಟಿರೋದು. ತೋರಿಸಿದ್ರೆ ಆ ಅರ್ಜೆಂಟ್ ನಾಳೆನೇ ಹೋಗಿ ಮಾರಿಬಿಡ್ತಾನೆ.”

“ಮಾರೋಕೇ ಅಲ್ವೇನಣ್ಣ ನಾವು ಕುರ್ಚಿ ಮಾಡೋದು?”

ಬೀಗದಣ್ಣ ಈ ದಿಕ್ಕಿನಲ್ಲಿ ಯಾವತ್ತೂ ಯೋಚಿಸಿದವರಂತೆ ಕಾಣಲಿಲ್ಲ. “ಉಗ್ರಾಣ ಅಂದ್ಮೇಲೆ ತುಂಬಿರ್ಬೇಕು ಸಾರ್. ಖಾಲಿ ಇಡೋದಾದ್ರೆ ಅದಕ್ಕೆ ಬೀಗ ಯಾಕೆ, ನಾನ್ಯಾಕೆ?”

ಎಷ್ಟು ಹೇಳಿದರೂ ಆಸಾಮಿ ಜಪ್ಪಯ್ಯ ಅನ್ನಲಿಲ್ಲ. ಆಗ ಸಿಸ್ಟಂ ಸಾರ್ ಕೋಟು ತೆಗೆದು ಮೊಳೆಗೆ ನೇತುಹಾಕಿ, ತಾವೇ ಕುರ್ಚಿ ಎಣಿಸಲು ನಿಂತರು. ಹಿರಿಯ ಅಧಿಕಾರಿ ಧೂಳಿನಲ್ಲಿ ಬಗ್ಗಿ ಎಣಿಸುವುದನ್ನು ನೋಡಿ ಬೀಗದಣ್ಣನ ಮನಸ್ಸು ಕರಗಿತು. “ಏಳಿ ಸಾರ್, ನಿಮಗ್ಯಾಕೆ ಈ ಕರ್ಮ. ಇನ್ನೂರು ತಾನೇ? ಕೊಡ್ತೀನಿ. ಆದ್ರೆ ಬಾಕಿ ಎಷ್ಟಿದೆ ಅಂತ ಮಾತ್ರ ನನ್ನ ಬಾಯಿ ಬಿಡಿಸ್ಬೇಡಿ.”

ಆದರೆ ಸಿಸ್ಟಂ ಬಿಡಬೇಕಲ್ಲ! ಇನ್ನೂರು ಕುರ್ಚಿ ಎಂದು ಹಾಕಿದ ಕೂಡಲೇ ಅದು ಕೇಳಿತು: ಇವು ಎಲ್ಲಿಂದ ಬಂದವು? ಉತ್ತರ ಮೂರೇ. ಹೊರಗಿನಿಂದ ಕೊಂಡದ್ದು, ಇವತ್ತು ತಯಾರಿಸಿದ್ದು, ಗಿರಾಕಿ ವಾಪಸು ಕಳಿಸಿದ್ದು. ‘ಬೀಗದಣ್ಣ ಬಚ್ಚಿಟ್ಟಿದ್ದು’ ಎಂಬ ನಾಲ್ಕನೆಯ ಉತ್ತರವನ್ನು ಸಾಫ್ಟ್‌ವೇರು ಬರೆದ ಮಹಾನುಭಾವರು ಊಹಿಸಿರಲಿಲ್ಲ. ಕೊಂಡದ್ದು ಎಂದರೆ ಖರೀದಿಯ ದಾಖಲೆ ಬೇಕು. ತಯಾರಿಸಿದ್ದು ಎಂದರೆ ಮೇಸ್ತ್ರಿಯ ಮೆಷಿನ್ ಓಡಿರಬೇಕು. ಉಳಿದದ್ದು ವಾಪಸು. ಬೀಗದಣ್ಣ ಸಿಸ್ಟಂ ಸಾರ್ ತಡೆಯುವ ಮೊದಲೇ ಅದನ್ನು ಒತ್ತಿ, ಯಾವ ಗಿರಾಕಿ ಎಂದು ಕೇಳಿದ್ದಕ್ಕೆ ಎದುರಿಗೆ ಕಂಡ ಆಸ್ಪತ್ರೆಯ ಹೆಸರನ್ನೇ ಆರಿಸಿಬಿಟ್ಟರು.

ಸಿಸ್ಟಂ ಬಲು ಮರ್ಯಾದಸ್ಥ. ಗಿರಾಕಿ ಸರಕು ವಾಪಸು ಮಾಡಿದ ಎಂದು ತಿಳಿದದ್ದೇ ತಡ, ತಾನಾಗಿ ಆಸ್ಪತ್ರೆಗೆ ಕ್ಷಮಾಪಣೆಯ ಸಂದೇಶ ಕಳಿಸಿತು. ‘ನಮ್ಮ ಕುರ್ಚಿಗಳಿಂದ ತಮಗಾದ ನೋವಿಗೆ ವಿಷಾದಿಸುತ್ತೇವೆ.’ ಜೊತೆಗೆ, ಗಿರಾಕಿ ಸಮಾಧಾನವಾಯಿತು ಎನ್ನುವ ತನಕ ಹೊಸ ಆರ್ಡರನ್ನು ತಡೆಹಿಡಿಯಿತು.

ಹತ್ತು ನಿಮಿಷವೂ ಆಗಿರಲಿಲ್ಲ, ಅರ್ಜೆಂಟ್ ಮೊಬೈಲು ಮುಂದೆ ಹಿಡಿದುಕೊಂಡು ಓಡಿಬಂದ. ಆ ಕಡೆಯಿಂದ ಆಸ್ಪತ್ರೆಯ ಹಿರಿಯ ನರ್ಸಮ್ಮನ ಧ್ವನಿ ಉಗ್ರಾಣಕ್ಕೆಲ್ಲ ಕೇಳಿಸುತ್ತಿತ್ತು.

“ಏನ್ರೀ ಇದು? ಇನ್ನೂ ಬರದೇ ಇರೋ ಕುರ್ಚೀನ ನಾವು ಹೇಗ್ರೀ ವಾಪಸ್ ಕಳಿಸಿದ್ವಿ? ಇಲ್ಲಿ ಜನ ಕಾಲು ನೋವು ಅಂತ ಬಂದು, ನಿಂತು ನಿಂತು ಸೊಂಟ ನೋವೂ ತಗೊಂಡು ಹೋಗ್ತಿದಾರೆ!”

ಸಿಸ್ಟಂ ಸಾರ್ ಮೊಬೈಲು ಇಸಿದುಕೊಂಡರು. “ಮೇಡಂ, ಅದು ಮುಂಗಡ ಕ್ಷಮಾಪಣೆ. ಮುಂದೆ ಏನಾದ್ರೂ ಆದ್ರೆ ಅಂತ.”

“ಮುಂಗಡನಾ?”

“ಹೌದು ಮೇಡಂ. ಈಗ ನಿಮ್ಮ ಮೊಬೈಲಿಗೆ ‘ಸಮಾಧಾನವಾಯಿತೇ’ ಅಂತ ಒಂದು ಪ್ರಶ್ನೆ ಬಂದಿರುತ್ತೆ. ದಯವಿಟ್ಟು ಹೌದು ಅಂತ ಒತ್ತಿಬಿಡಿ.”

“ಕೂತೇ ನೋಡಿಲ್ಲ, ಸಮಾಧಾನ ಹೇಗ್ರೀ ಆಗುತ್ತೆ? ನಾನು ಸುಳ್ಳು ಒತ್ತೋಳಲ್ಲ.”

ಸಿಸ್ಟಂ ಸಾರ್ ತಲೆ ಎತ್ತಿ ನೋಡಿದರು. ಗೋಡೆಯ ಗಡಿಯಾರ ಮಧ್ಯಾಹ್ನ ದಾಟಿತ್ತು. ಅವರಿಗೆ ಇನ್ನು ಮುಚ್ಚುಮರೆ ಬೇಡವೆನಿಸಿತು. “ತಾಯಿ, ನಿಜ ಹೇಳಿಬಿಡ್ತೀನಿ. ಈ ಲಾರಿ ಹೊರಟ್ರೆ ಮಾತ್ರ ನನಗೆ ರಜೆ. ನನ್ನ ಮೊಮ್ಮಗಳು ಹುಟ್ಟಿ ಇಷ್ಟು ದಿನ ಆಯ್ತು, ಇನ್ನೂ ಒಂದು ಸಲ ಎತ್ಕೊಂಡಿಲ್ಲ. ಅದರ ತಲೆ ವಾಸನೆ ಹೇಗಿರುತ್ತೆ ಅಂತಾನೂ ನನಗೆ ಗೊತ್ತಿಲ್ಲ.”

“ಅಯ್ಯೋ ದೇವರೇ, ಮೊದಲೇ ಹೇಳ್ಬಾರ್ದೇನ್ರೀ? ತಗೊಳ್ಳಿ, ಒತ್ತಿದೀನಿ. ಭಾಳ ಸಮಾಧಾನ ಆಗಿದೆ. ಹೋಗಿ ಮಗು ಎತ್ಕೊಳ್ಳಿ,” ಎಂದರು ನರ್ಸಮ್ಮ. ಬೀಗದಣ್ಣ ಮೂಗು ಒರೆಸಿಕೊಂಡರು. ಧೂಳು ಎಂದರು.

ಕುರ್ಚಿಗಳು ಲಾರಿ ಏರತೊಡಗಿದವು. ಇನ್ನುಳಿದದ್ದು ಬಿಲ್ಲು. ಲೆಕ್ಕದ ಮೇಡಂ ಕನ್ನಡಕ ಏರಿಸಿಕೊಂಡು ತಯಾರಾಗಿಯೇ ಕೂತಿದ್ದರು. ತೆರೆಯ ಮೇಲೆ ಬಿಲ್ಲು ಸಿದ್ಧವಿತ್ತು. ಕೆಳಗೆ ‘ಒಪ್ಪಿಗೆ’ ಎಂಬ ಗುಂಡಿಯೂ ಇತ್ತು. ಮೇಡಂ ಬೆರಳು ಅದರ ಹತ್ತಿರ ಹೋಗಿ ನಿಂತಿತ್ತು.

“ಒತ್ತಿ ಮೇಡಂ.”

“ಒತ್ತು ಅಂತ ಬರೆದು ಕೊಡಿ.”

“ಏನಂದ್ರಿ?”

“ನಾಳೆ ಯಾರಾದ್ರೂ ಯಾಕೆ ಒತ್ತಿದೆ ಅಂತ ಕೇಳಿದ್ರೆ ನಾನು ಏನು ತೋರಿಸ್ಲಿ ಸಾರ್? ಒಂದು ಸಣ್ಣ ಚೀಟಿ ಸಾಕು. ನಿಮ್ಮ ಸಹಿ ಹಾಕಿ.”

“ಚೀಟಿ ನಿಲ್ಲಿಸೋಕೇ ಅಲ್ವೇ ಮೇಡಂ ನಾವು ಇಷ್ಟೆಲ್ಲಾ ಒದ್ದಾಡ್ತಿರೋದು?”

“ಚೀಟಿ ನಿಲ್ಲಿಸ್ಬೇಕು ಅನ್ನೋದಕ್ಕಾದ್ರೂ ಒಂದು ಚೀಟಿ ಇದೆಯಾ ನಿಮ್ಮ ಹತ್ರ?”

ಒಂದು ಸಣ್ಣ ಚೀಟಿ ಬರೆದರೆ ಎರಡೇ ಕ್ಷಣದ ಕೆಲಸ. ಆದರೆ ಆರ್ಡರು ಮೈಲಿಗೆಯಾದಂತೆ, ಯಜಮಾನರ ಮಾತಿನ ಪ್ರಕಾರ ರಜೆಯೂ ಇಲ್ಲ. ಸಿಸ್ಟಂ ಸಾರ್ ಹಲ್ಲು ಕಚ್ಚಿದರು. ಮೇಡಂ ತಮ್ಮ ಅನುಮಾನವನ್ನು ಸಿಸ್ಟಂನಲ್ಲೇ ಬರೆದು ಯಜಮಾನರಿಗೆ ಕಳಿಸಲಿ, ಯಜಮಾನರು ತಮ್ಮ ಮೊಬೈಲಿನಲ್ಲಿ ಒಪ್ಪಿಗೆ ಒತ್ತಲಿ ಎಂದು ದಾರಿ ಹುಡುಕಿದರು. ಯಜಮಾನರ ಕೋಣೆಗೆ ತಾವೇ ಹೋಗಿ ಪಕ್ಕದಲ್ಲಿ ನಿಂತರು.

“ಇಲ್ಲಿ ಹಸಿರು ಕಾಣ್ತಿದೆಯಲ್ಲ, ಅದನ್ನ ಒತ್ತಿ ಯಜಮಾನ್ರೇ.”

ಯಜಮಾನರದು ಕುರ್ಚಿಯ ಕಬ್ಬಿಣ ಬಗ್ಗಿಸಿ ಬೆಳೆದ ಹೆಬ್ಬೆರಳು. ಅದು ಹಸಿರಿನ ಮೇಲೂ ಬಿತ್ತು, ಪಕ್ಕದ ಕೆಂಪಿನ ಮೇಲೂ ಬಿತ್ತು. ಆರ್ಡರು ತಿರಸ್ಕೃತ. ಅಂಗಳದಲ್ಲಿ ಲಾರಿಗೆ ಅರ್ಧ ತುಂಬಿದ್ದ ಕುರ್ಚಿಗಳನ್ನು ಕೆಳಗಿಳಿಸಲು ಸಿಸ್ಟಂ ಬೀಗದಣ್ಣನಿಗೆ ಆದೇಶ ಕಳಿಸಿತು. ಅಷ್ಟು ದಿನ ಒಂದು ಆದೇಶವನ್ನೂ ನೋಡದ ಬೀಗದಣ್ಣ ಇದನ್ನು ಮಾತ್ರ ಸಂತೋಷದಿಂದ ಪಾಲಿಸತೊಡಗಿದರು.

“ಅಣ್ಣಾ, ಕೈ ತೆಗಿರಿ ಅದರ ಮೇಲಿಂದ!” ಎಂದು ಕಿಟಕಿಯಿಂದ ಕೂಗಿ, ಸಿಸ್ಟಂ ಸಾರ್ ಎಲ್ಲವನ್ನೂ ಮತ್ತೆ ಮೊದಲಿನಿಂದ ಶುರು ಮಾಡಿದರು. ಮತ್ತೆ ಸಾಧಾರಣ, ಮತ್ತೆ ಇನ್ನೂರು, ಮತ್ತೆ ಮೇಡಂ ಅನುಮಾನ. ಎರಡನೆಯ ಸಲ ಯಜಮಾನರ ಹೆಬ್ಬೆರಳನ್ನು ಬಿಟ್ಟು ಕಿರುಬೆರಳನ್ನು ತಾವೇ ಹಿಡಿದು ಒತ್ತಿಸಿದರು. ಕೆಲಸ ಆಯಿತು. ಮೇಡಂ ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದರು. ಬಿಲ್ಲು ಹೊರಟಿತು. ಲಾರಿ ಗೇಟಿಗೆ ಬಂದಿತು. ಯಂತ್ರದಲ್ಲಿ ಹಸಿರು ದೀಪ ಬೆಳಗಿತು. ಒಂದು ಚೂರು ಕಾಗದವನ್ನೂ ಮುಟ್ಟದೆ ಇನ್ನೂರು ಕುರ್ಚಿ ಹೊರಗೆ ಹೋಯಿತು.

ಅಂಗಳದಲ್ಲಿ ಕೇಕೆ, ಚಪ್ಪಾಳೆ. ಯಜಮಾನರು ಸಿಸ್ಟಂ ಸಾರ್ ಬೆನ್ನು ತಟ್ಟಿದ ರಭಸಕ್ಕೆ ಅವರು ಎರಡು ಹೆಜ್ಜೆ ಮುಂದೆ ಹೋದರು. “ಗೆದ್ರಿ ಕಣ್ರೀ! ಹೊರಡಿ, ಹೊರಡಿ. ಮೊಮ್ಮಗಳಿಗೆ ನನ್ನ ಮುತ್ತು ಕೊಡಿ.”

ಗೇಟಿನ ಆಚೆ ಬಾಡಿಗೆ ಕಾರು ಬಂದು ನಿಂತಿತ್ತು. ಮಾವಿನ ಬಣ್ಣದ ಸೀರೆ ಉಟ್ಟ ಹೆಂಡತಿ ಕಿಟಕಿಯಿಂದ ಕೈ ಬೀಸುತ್ತಿದ್ದರು. ಇಷ್ಟು ದಿನದಲ್ಲಿ ಆಕೆ ಹಾಗೆ ನಕ್ಕದ್ದನ್ನು ಸಿಸ್ಟಂ ಸಾರ್ ನೋಡಿರಲಿಲ್ಲ. ಕೋಟು ಹೆಗಲಿಗೆ ಹಾಕಿಕೊಂಡು ಗೇಟಿಗೆ ಓಡಿದರು. ಅಡ್ಡ ಒಂದು ದೊಣ್ಣೆ ಬಂತು.

ಗೇಟು ಕಾಯುವವನಿಗೆ ಎಲ್ಲರೂ ಮಾಮ ಎನ್ನುತ್ತಿದ್ದರು. ಸಿಸ್ಟಂ ಬಗ್ಗೆ ಮಾಮನಿಗೆ ಗೊತ್ತಿದ್ದದ್ದು ಎರಡೇ ಮಾತು. ಹಸಿರು ಬಂದರೆ ಬಿಡು, ಕೆಂಪು ಬಂದರೆ ಹಿಡಿ. ಆ ಎರಡನ್ನೂ ಸಿಸ್ಟಂ ಸಾರ್ ಅವನಿಗೆ ಬಾಯಿಪಾಠ ಮಾಡಿಸಿದ್ದರು.

“ಹೆಸರು ಬರ್ತಿಲ್ಲ ಸಾರ್. ಕೆಂಪು.”

“ಸರಿಯಾಗಿ ನೋಡು ಮಾಮ. ನಾನು.”

“ನೀವೇ ಅಂತ ನನಗೆ ಗೊತ್ತು ಸಾರ್. ಅದಕ್ಕೆ ಗೊತ್ತಿಲ್ಲ.”

ಸಿಸ್ಟಂ ಸಾರ್ ಯಂತ್ರದ ಮೇಲೆ ಬಗ್ಗಿ ನೋಡಿದರು. ಮಾರಾಟದವರು, ಉಗ್ರಾಣದವರು, ಲೆಕ್ಕದವರು, ಮೇಸ್ತ್ರಿ, ಕಸ ಗುಡಿಸುವವರು, ಕೊನೆಗೆ ಕ್ಯಾಂಟೀನಿನ ಬೆಕ್ಕಿಗೆ ಹಾಲು ಹಾಕುವ ಅಜ್ಜಿಯ ತನಕ ವಿಭಾಗ ವಿಭಾಗವಾಗಿ ಪ್ರತಿಯೊಬ್ಬರ ಹೆಸರನ್ನೂ ಅವರೇ ಕೂತು ತುಂಬಿಸಿದ್ದರು. ಖರೀದಿ ವಿಭಾಗದಿಂದ ತಾವು ಹೊರಬಂದಾಗಿತ್ತು. ಸಿಸ್ಟಂ ಎನ್ನುವ ವಿಭಾಗ ಕಾರ್ಖಾನೆಯಲ್ಲಿ ಇರಲಿಲ್ಲ. ಎಲ್ಲರನ್ನೂ ಸೇರಿಸಿದವರು ತಮ್ಮನ್ನೇ ಬಿಟ್ಟಿದ್ದರು.

“ಸರಿ, ಹೊರಗಿನವರು ಅಂತ ಬಿಡು. ಅತಿಥಿ ಅಂತ ಒತ್ತು.”

“ಅತಿಥಿ ಹೊರಗೆ ಹೋಗ್ಬೇಕಾದ್ರೆ ಮೊದ್ಲು ಒಳಗೆ ಬಂದಿರ್ಬೇಕು ಸಾರ್. ಇದರ ಪ್ರಕಾರ ನೀವು ಒಳಗೇ ಬಂದಿಲ್ಲ.”

“ಹಾಗಾದ್ರೆ ಇಲ್ಲಿ ನಿಂತಿರೋದು ಯಾರಯ್ಯಾ?”

“ಅದೇ ನನಗೂ ಬಗೆಹರೀತಿಲ್ಲ ಸಾರ್.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಗದ್ದಲ ಕೇಳಿ ಯಜಮಾನರು ಬಂದರು, ಹಿಂದೆಯೇ ಇಡೀ ಕಾರ್ಖಾನೆ. “ಇಷ್ಟೇ ತಾನೇ?” ಎಂದು ಯಜಮಾನರು ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ, ಒಂದು ಕಾಗದದ ಚೂರಿನ ಮೇಲೆ ‘ಇವರನ್ನು ಬಿಡುವುದು’ ಎಂದು ಗೀಚಿ ಕೊಟ್ಟರು.

ಅದು ಚೀಟಿ. ಸಿಸ್ಟಂ ಸಾರ್ ತಿರುಗಿ ನೋಡಿದರು. ಅರ್ಜೆಂಟ್ ಕೈ ಜೇಬಿನ ಕಡೆ ಹೋಗುತ್ತಿತ್ತು. ಮೇಡಂ ಪೆನ್ನಿನ ಮುಚ್ಚಳ ತೆಗೆದಿದ್ದರು. ಬೀಗದಣ್ಣ ಮುಗುಳ್ನಗುತ್ತಿದ್ದರು. ಈ ಒಂದು ಚೀಟಿಯ ಮೇಲೆ ಇವರು ಗೇಟು ದಾಟಿದರೆ ನಾಳೆ ಬೆಳಗಾಗುವಷ್ಟರಲ್ಲಿ ಗೋಣಿಚೀಲದ ಬೀಗ ಒಡೆದಿರುತ್ತದೆ. ಇಷ್ಟು ದಿನದ ಬೆವರು, ನೋಡದೆ ಉಳಿದ ಮೊದಲ ಹಲ್ಲು ಎಲ್ಲ ನೀರಿನಲ್ಲಿ ಹೋಮ.

“ರೀ, ಯೋಚನೆ ಏನ್ರೀ ಮಾಡ್ತೀರಾ? ಕೊಟ್ಟು ಬನ್ರೀ!” ಎಂದರು ಹೆಂಡತಿ ಕಾರಿನಿಂದ.

ಮನುಷ್ಯನಿಗೆ ಛಲ ಇರಬೇಕು, ನಿಜ. ಆದರೆ ರೈಲಿನ ಹೊತ್ತಿನಲ್ಲಿ ಇರಬಾರದು. ಸಿಸ್ಟಂ ಸಾರ್ ಆ ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಪರಪರನೆ ಹರಿದರು. “ಬೇಡ ಯಜಮಾನ್ರೇ. ಎಲ್ಲರಿಗೂ ಒಂದೇ ನಿಯಮ. ಎರಡೇ ನಿಮಿಷ, ನನ್ನ ಹೆಸರು ಸೇರಿಸಿ ಬರ್ತೀನಿ.”

ಚಪ್ಪಾಳೆ ಮುಗಿಲು ಮುಟ್ಟಿತು. ಯಜಮಾನರ ಕಣ್ಣು ತುಂಬಿ ಬಂತು. ಅವರು ತಮ್ಮ ಕಾರು ಹತ್ತಿ, ಹಸಿರು ದೀಪ ಬೆಳಗಿಸಿಕೊಂಡು ಹೊರಟುಹೋದರು. ಹೆಂಡತಿ ಹಣೆ ಚಚ್ಚಿಕೊಂಡರು.

ಸಿಸ್ಟಂ ಸಾರ್ ಒಳಗೆ ಹಾರಿ, ಕಂಪ್ಯೂಟರಿನ ಮುಂದೆ ಕೂತು ಪಟಪಟನೆ ತುಂಬಿದರು. ಹೆಸರು, ವಿಳಾಸ, ಹುದ್ದೆ. ಕೆಲಸಕ್ಕೆ ಸೇರಿದ ದಿನ ಎಂದು ಕೇಳಿದಾಗ ಹದಿನೆಂಟು ವರ್ಷದ ಹಿಂದಿನ ತಾರೀಕು ಹಾಕಿದರು. ಕೆಂಪು ಬಂತು. ಹಿಂದಿನ ತಿಂಗಳುಗಳನ್ನು ಮುಚ್ಚಲಾಗಿದೆ.

“ಮೇಡಂ!”

“ಮುಚ್ಚಿಬಿಟ್ಟೆ ಸಾರ್!” ಎಂದರು ಲೆಕ್ಕದ ಮೇಡಂ ಬಾಗಿಲಲ್ಲಿ ನಿಂತು, ಮುಖ ಹೂವಿನಂತೆ ಅರಳಿಸಿ. “ಯಾರ ಅಪ್ಪಣೆಯೂ ಬೇಡ ಅಂದ್ರಲ್ಲ, ಒಂದು ಚೀಟಿಯೂ ಕೇಳದೆ ನಾನೇ ಒತ್ತಿದೆ. ಇನ್ನು ಆ ಸಾಫ್ಟ್‌ವೇರಿನವರೇ ಬಂದು ತೆಗೀಬೇಕು.”

“ಭೇಷ್,” ಎಂದರು ಸಿಸ್ಟಂ ಸಾರ್. ಹೊರಗೆ ಕಾರು ಹಾರನ್ ಹೊಡೆಯಿತು. ಏನಾದರಾಗಲಿ ಎಂದು ಇವತ್ತಿನ ತಾರೀಕು ಹಾಕಿದರು. ಹಸಿರು! ರಜೆಯ ಅರ್ಜಿಯನ್ನೂ ಒತ್ತಿ, ಮೆಟ್ಟಿಲನ್ನು ಎರಡೆರಡಾಗಿ ಹಾರಿ ಗೇಟಿಗೆ ಬಂದರು.

“ಈಗ ಬಂತು ಸಾರ್ ಹೆಸರು,” ಎಂದ ಮಾಮ ಖುಷಿಯಿಂದ. ಆಮೇಲೆ ಅವನ ಮುಖ ಸೋತಿತು. ಕೆಂಪು ದೀಪದ ಕೆಳಗೆ ಬರೆದದ್ದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ. “ಹೊಸ ನೌಕರ. ಆರು ತಿಂಗಳ ತನಕ ರಜೆ ಇಲ್ಲ.”

“ಮಾಮ, ಹದಿನೆಂಟು ವರ್ಷದಿಂದ ನನ್ನ ನೋಡ್ತಿದೀಯ!”

“ಅಯ್ಯೋ, ಯಾಕಾದ್ರೂ ಸೇರ್ಕೊಂಡ್ರಿ ಸಾರ್? ಮೊದ್ಲಾದ್ರೆ ಯಾರೋ ಏನೋ ಅಂತ ಕಣ್ಮುಚ್ಚಿ ಬಿಡಬಹುದಿತ್ತು. ಈಗ ನೀವು ನೌಕರರು. ಕೆಲಸ ಬಿಡೋ ಸೈರನ್ ಆಗೋ ತನಕ ಹೊರಗೆ ಬಿಡೋ ಹಾಗಿಲ್ಲ.”

ಸಿಸ್ಟಂ ಸಾರ್ ಯಜಮಾನರಿಗೆ ಫೋನು ಮಾಡಿದರು. ಇವರು ಬಾಯಿ ಬಿಡುವ ಮೊದಲೇ ಆ ಕಡೆಯಿಂದ ಧ್ವನಿ ಮೊಳಗಿತು. “ನನ್ನ ಚೀಟೀನೇ ಹರಿದು ಹಾಕಿದ್ರಲ್ರೀ! ಇಲ್ಲಿ ಸ್ನೇಹಿತರಿಗೆಲ್ಲ ಅದನ್ನೇ ಹೇಳ್ತಾ ಇದೀನಿ. ನಿಯಮ ಅಂದ್ರೆ ಹೆಂಗಿರ್ಬೇಕು ಅಂತ ನಿಮ್ಮನ್ನ ನೋಡಿ ಕಲೀಬೇಕು. ಏನೇ ಬರ್ಲಿ, ಯಾರೇ ಬರ್ಲಿ, ಮುರೀಬೇಡಿ!” ಫೋನು ಕಟ್ಟಾಯಿತು.

ಗೇಟಿನ ಸರಳುಗಳ ಆಚೆ ಹೆಂಡತಿ ಕಾರಿನಿಂದ ಇಳಿದು ಬಂದಿದ್ದರು. ಈಗ ಬೈಗುಳ ಇರಲಿಲ್ಲ, ಅದೇ ಹೆಚ್ಚು ಉರಿಯಿತು. “ರೈಲಿಗೆ ಹೊತ್ತಾಯ್ತು ಕಣ್ರೀ,” ಎಂದರು ಮೆತ್ತಗೆ. “ಊಟ ಫ್ರಿಜ್ಜಿನಲ್ಲಿದೆ. ಬಿಸಿ ಮಾಡ್ಕೊಳ್ಳಿ.” ಕಾರು ತಿರುವಿನಲ್ಲಿ ಮರೆಯಾಗುವ ತನಕ ಸಿಸ್ಟಂ ಸಾರ್ ಸರಳು ಹಿಡಿದು ನಿಂತಿದ್ದರು.

ಅಷ್ಟರಲ್ಲಿ ಅವರ ಮೊಬೈಲು ಟಿಂಗ್ ಎಂದಿತು. ಸಿಸ್ಟಂ ಸಂದೇಶ. ‘ನಮ್ಮ ಕುಟುಂಬಕ್ಕೆ ಸುಸ್ವಾಗತ! ಹೊಸ ನೌಕರರಿಗೆ ನಾಳೆಯಿಂದ ಹದಿನೈದು ದಿನ ಸಿಸ್ಟಂ ತರಬೇತಿ. ಹಾಜರಾತಿ ಕಡ್ಡಾಯ. ತರಬೇತಿ ನೀಡುವವರು: ಸಿಸ್ಟಂ ಅಧಿಕಾರಿ.’

ಅಂದರೆ ಅವರೇ. ಅವರು ಅದನ್ನು ಎರಡು ಸಲ ಓದಿದರು. ಬೀಗದಣ್ಣ ಹಿಂದಿನಿಂದ ಬಂದು, ಅವರ ಹೆಗಲ ಮೇಲಿಂದ ಇಣುಕಿ ತಾವೂ ಓದಿದರು. ಆಮೇಲೆ ಒಂದು ಕುರ್ಚಿ ತರಿಸಿ, ಬಿಡಿಸಿ, ಅವರನ್ನು ಭುಜ ಹಿಡಿದು ಕೂರಿಸಿದರು.

“ಹೆದರ್ಬೇಡಿ ಸಾರ್. ಕಲಿಸೋರು ಒಳ್ಳೆಯವರೇ. ಆದ್ರೆ ರಜೆ ಗಿಜೆ ಅಂತ ಮಾತ್ರ ಅವರ ಹತ್ರ ಕೇಳೋಕೆ ಹೋಗ್ಬೇಡಿ, ಭಾಳ ಹಟದ ಮನುಷ್ಯ.”